ತಲೆಗೆ 349 ರೂಪಾಯಿ

ಆ ರಾತ್ರಿ ಮನೆ ಮುಟ್ಟುವಾಗ ಒಂದೂಕಾಲು. ಬಿಲ್ಡಿಂಗಿನ ಲಿಫ್ಟ್ ಕೆಟ್ಟು ವಾರವಾಗಿತ್ತು. ಬೇಸ್ ಗಿಟಾರ್ ಹೆಗಲಿಗೆ ಹಾಕಿಕೊಂಡು ನಾಲ್ಕು ಮಹಡಿ ಹತ್ತಿದೆ. ಬಾಗಿಲು ತೆಗೆದದ್ದು ಅಪ್ಪ. ಅವರಿಗೆ ನಿದ್ದೆ ಕಡಿಮೆ. ಮೂವತ್ತೆಂಟು ವರ್ಷ ಮುಂಬೈಯ ಕಿಂಗ್ಸ್ ಸರ್ಕಲ್ ಹತ್ತಿರದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರು. ಗಲ್ಲಾ ಟ್ಯಾಲಿ ಆಗದೆ ಒಂದು ದಿನವೂ ಮಲಗಿದವರಲ್ಲ. ನಾನು ಬಾರಿಸಿ ಬಂದ ರಾತ್ರಿ ಅವರು "ಹ್ಯಾಗಾಯ್ತು" ಅಂತ ಕೇಳುವುದೇ ಇಲ್ಲ.

"ಎಷ್ಟು ಕೊಟ್ರು ಮಾರಾಯಾ?"

"ಇನ್ನೂ ಗೊತ್ತಿಲ್ಲ ಅಪ್ಪ."

"ಗೊತ್ತಿಲ್ಲ ಅಂದ್ರೆ ಎಂತ? ಬಾರಿಸಿ ಆಯ್ತಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನೀರು ಕುಡಿದು ಮಲಗಿದೆ.

ಅದು 2023ರ ಡಿಸೆಂಬರ್. ಜಾಗ ಖಾರ್‌ನಲ್ಲಿ, ಎಪ್ಪತ್ತು ಸೀಟಿನ ಒಂದು ಕೆಫೆ. ಹೆಸರು ಬೇಡ. ನಮ್ಮ ಬ್ಯಾಂಡಿನ ಹೆಸರನ್ನೂ ಹೇಳುವುದಿಲ್ಲ, ಯಾಕೆಂದರೆ ಕೆಳಗೆ ಬರುವ ಅಂಕೆಗಳನ್ನು ನೋಡಿ ಯಾರಾದರೂ ನಮಗೆ ಇನ್ನೂ ಕಡಿಮೆ ಕೊಡಬಹುದು. ನಾವು ನಾಲ್ಕು ಜನ. ಹಾಡುವವನು, ಗಿಟಾರ್, ಡ್ರಮ್ಸ್, ನಾನು. ಸ್ವಂತ ಹಾಡುಗಳು ಹನ್ನೊಂದಿವೆ. ಏಳು ಹಿಂದಿ, ನಾಲ್ಕು ಕನ್ನಡ. ಉಳಿದದ್ದು ಜನ ಕೇಳಿದ್ದು. ಹಗಲು ನಾನು ಅಂಧೇರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಂಪನಿಯ ಅಕೌಂಟ್ಸ್ ನೋಡುತ್ತೇನೆ. ಹಾಗಾಗಿ ಬ್ಯಾಂಡಿನ ಲೆಕ್ಕವೂ ನನ್ನ ತಲೆಗೇ ಬಂದಿದೆ. ಅಪ್ಪನ ಹೋಟೆಲಿನಲ್ಲಿ ಇದ್ದಂಥದ್ದೇ ಕೆಂಪು ಬಟ್ಟೆಯ ಬೈಂಡಿನ ಉದ್ದ ಪುಸ್ತಕ. ಒಂಬತ್ತು ವರ್ಷದ ಪ್ರತಿ ಶೋ ಅದರಲ್ಲಿದೆ.

ಆ ಶೋನ ದುಡ್ಡು ಬಂದದ್ದು ಮಾರ್ಚ್ 19ಕ್ಕೆ. ಪುಸ್ತಕದಲ್ಲಿ ಹೀಗೆ ಬರೆದಿದ್ದೇನೆ. ಟಿಕೆಟ್ 399 ರೂಪಾಯಿ, ಹೋದದ್ದು 41. ಒಟ್ಟು 16,359. ಟಿಕೆಟ್ ಆ್ಯಪ್‌ನವರು ನೂರಕ್ಕೆ ಹತ್ತು ಹಿಡಿದರು, ಉಳಿದದ್ದು 14,723. ಸೌಂಡ್ ಇಂಜಿನಿಯರ್‌ಗೆ ಅಂತ 3,000 ತೆಗೆದರು. ಇದನ್ನು ಮೊದಲು ಯಾರೂ ಹೇಳಿರಲಿಲ್ಲ. 11,723ರಲ್ಲಿ ಅರ್ಧ ಅವರಿಗೆ, ಅರ್ಧ ನಮಗೆ. 5,861. ಅದರಲ್ಲಿ ಟಿಡಿಎಸ್ ಅಂತ, ಅಂದರೆ ಕೊಡುವ ಮೊದಲೇ ಹಿಡಿಯುವ ಆದಾಯ ತೆರಿಗೆ ಅಂತ, 586. ಕೈಗೆ ಬಂದದ್ದು 5,275.

ಇನ್ನು ನಮ್ಮ ಖರ್ಚು. ಆ ಶೋಗೆ ಮೂರು ಸಲ ಜ್ಯಾಮ್ ರೂಮ್, ಅಂದರೆ ಅಭ್ಯಾಸಕ್ಕೆ ಬಾಡಿಗೆ ಕೋಣೆ, ಹಿಡಿದಿದ್ದೆವು, ಪ್ರತಿ ಸಲ ಎರಡು ಗಂಟೆ, ಗಂಟೆಗೆ 400. ಆಯಿತು 2,400. ಡ್ರಮ್ಮರ್‌ನ ಸಿಂಬಲ್, ಸ್ನೇರ್, ಪೆಡಲ್ ಎಲ್ಲ ಹೊತ್ತು ಲೋಕಲ್‌ನಲ್ಲಿ ಹೋಗುವುದು ಸಾಧ್ಯವಿಲ್ಲ, ರಾತ್ರಿ ವಾಪಸ್ ಬರುವಾಗಂತೂ ಇಲ್ಲ. ಕ್ಯಾಬ್, ರಿಕ್ಷಾ ಸೇರಿ 1,480. ಉಳಿದದ್ದು 1,395. ನಾಲ್ಕರಿಂದ ಭಾಗಿಸಿದರೆ ತಲೆಗೆ 349. ಒಂದು ಸೆಟ್ ಬೇಸ್ ತಂತಿಗೇ ಎರಡು ಸಾವಿರದ ಮೇಲಿದೆ. ಅದನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಟಿಡಿಎಸ್ ವಿಷಯ ಮಾತ್ರ ನನ್ನ ಹೊಟ್ಟೆ ಉರಿಸಿತು. ಆಗ ಇಂಥ ಫೀಸು ಒಬ್ಬರಿಗೆ ವರ್ಷದಲ್ಲಿ 30,000 ದಾಟಿದರೆ ಮಾತ್ರ ನೂರಕ್ಕೆ ಹತ್ತು ಹಿಡಿಯಬೇಕಿತ್ತು. 2025ರ ಏಪ್ರಿಲ್‌ನಿಂದ ಆ ಮಿತಿ 50,000 ಆಯಿತು. ಐದು ಸಾವಿರ ಚಿಲ್ಲರೆಯ ಒಂದೇ ಶೋಗೆ ಹಿಡಿಯುವ ಪ್ರಶ್ನೆಯೇ ಇರಲಿಲ್ಲ. ಹೋಗಲಿ, ಹಿಡಿದಿದ್ದಾರೆ, ನನ್ನ ಪ್ಯಾನ್ ಹೆಸರಿಗೆ ಕಟ್ಟಿದ್ದರೆ ರಿಟರ್ನ್‌ನಲ್ಲಿ ವಾಪಸ್ ಸಿಗುತ್ತದೆ ಅಂದುಕೊಂಡೆ. 26ಎಎಸ್, ಅಂದರೆ ನನ್ನ ಹೆಸರಿಗೆ ಕಟ್ಟಿದ ತೆರಿಗೆಯ ಪಟ್ಟಿ, ತೆಗೆದು ನೋಡಿದೆ. ಇಲ್ಲ. ಎರಡು ತಿಂಗಳು ಬಿಟ್ಟು ನೋಡಿದೆ. ಇಲ್ಲ. ಫೋನ್ ಮಾಡಿದರೆ ಅಲ್ಲಿಯ ಹುಡುಗ "ಅಕೌಂಟ್ಸ್‌ನವರನ್ನು ಕೇಳಿ ಸರ್, ನಿಮಗೆ ಇದೆಲ್ಲ ಅರ್ಥ ಆಗಲ್ಲ" ಅಂದ. ನಾನೇ ಅಕೌಂಟ್ಸ್‌ನವನು ಮಾರಾಯಾ!

ಇದಕ್ಕೆ ಡೋರ್ ಡೀಲ್ ಅನ್ನುತ್ತಾರೆ. ಬಾಗಿಲಲ್ಲಿ ಬಂದದ್ದರಲ್ಲಿ ಪಾಲು. ಕೇಳಲು ಚೆನ್ನಾಗಿದೆ. ಜನ ಬಂದರೆ ಇಬ್ಬರಿಗೂ ಲಾಭ, ಬರದಿದ್ದರೆ ಇಬ್ಬರಿಗೂ ನಷ್ಟ, ನ್ಯಾಯವೇ ಅಲ್ವಾ ಅನಿಸುತ್ತದೆ. ನನಗೂ ಆರು ವರ್ಷ ಹಾಗೇ ಅನಿಸಿತ್ತು. ಆದರೆ ಬಂದ 41 ಜನ ಬರೀ ಟಿಕೆಟ್ ತೆಗೆದುಕೊಂಡು ಎದ್ದು ಹೋಗಲಿಲ್ಲ. ತಿಂದರು, ಕುಡಿದರು. ಆ ಬಿಲ್ಲಿನಲ್ಲಿ ನಮಗೆ ಪೈಸೆ ಇಲ್ಲ. ಬಾಗಿಲ ಅಪಾಯದಲ್ಲಿ ನಾವು ಪಾಲುದಾರರು, ಗಲ್ಲಾದಲ್ಲಿ ಅಲ್ಲ.

ಶೋ ಕೇಳಿಕೊಂಡು ಹೋದಾಗ ಮೊದಲ ಪ್ರಶ್ನೆ ಎಲ್ಲ ಕಡೆ ಒಂದೇ. "ಭಾಯ್, ಕ್ರೌಡ್ ಕಿತ್ನಾ ಲಾಯೇಗಾ?" ಎಷ್ಟು ಜನರನ್ನು ತರ್ತೀಯಾ? ಇದನ್ನು ಅಪ್ಪನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು.

"ನಮ್ಮ ಹೋಟ್ಲಿನ ಭಟ್ರನ್ನ ಯಾರೂ ಹಾಗೆ ಕೇಳ್ಲಿಲ್ಲಪ್ಪ. ನೀವು ಎಷ್ಟು ಗಿರಾಕಿ ತರ್ತೀರಿ ಅಂತ. ಗಿರಾಕಿ ತರುದು ಹೋಟ್ಲಿನವನ ಕೆಲ್ಸ. ದೋಸೆ ಹುಯ್ಯುದು ಭಟ್ರ ಕೆಲ್ಸ."

ಆಮೇಲೆ ಆಟದ ಮಾತು ಎತ್ತಿದರು. ನಮ್ಮದು ಕುಂದಾಪುರದ ಕಡೆ. ಅಪ್ಪನಿಗೆ ಯಕ್ಷಗಾನ ಅಂದರೆ ಪ್ರಾಣ. ಮಳೆಗಾಲದಲ್ಲಿ ಊರಲ್ಲಿ ಮೇಳಗಳ ತಿರುಗಾಟ ನಿಂತ ಮೇಲೆ ಕಲಾವಿದರು ಮುಂಬೈಗೆ ಬರುತ್ತಾರಲ್ಲ, ಮಾಟುಂಗಾ, ಮಾಹಿಮ್, ಕುರ್ಲಾದ ಸಭಾಂಗಣಗಳಲ್ಲಿ ಆಟ ಆಗುತ್ತದಲ್ಲ, ಅಪ್ಪ ಒಂದನ್ನೂ ಬಿಟ್ಟವರಲ್ಲ. ಚಿಕ್ಕವನಿದ್ದಾಗ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ನಾನು ಚೆಂಡೆ ಕೇಳುತ್ತ ಕೇಳುತ್ತ ಅವರ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ. ಚೆಂಡೆಯ ಸದ್ದಿಗೆ ನಿದ್ದೆ ಬರುವ ಮಗು ಮುಂದೆ ಬೇಸ್ ಬಾರಿಸುವುದರಲ್ಲಿ ಆಶ್ಚರ್ಯ ಏನಿಲ್ಲ.

ಅಪ್ಪ ಹೇಳಿದ್ದು ಡೇರೆ ಮೇಳದ ವಿಷಯ. ಸಾಲಿಗ್ರಾಮ, ಪೆರ್ಡೂರಿನಂಥ ಮೇಳಗಳು ಊರೂರಲ್ಲಿ ಡೇರೆ ಹಾಕಿ, ಟಿಕೆಟ್ ಇಟ್ಟು ಆಟ ಆಡುತ್ತಿದ್ದ ಕಾಲ. ಮಂದಾರ್ತಿ ಥರದ ಮೇಳದ್ದು ಬೇರೆ, ಅದು ಹರಕೆ ಆಟ, ಆಡಿಸುವವರೇ ಖರ್ಚು ಕೊಡುತ್ತಾರೆ, ನೋಡಲು ದುಡ್ಡಿಲ್ಲ. ಡೇರೆ ಮೇಳ ಮಾತ್ರ ನಮ್ಮ ಡೋರ್ ಡೀಲ್‌ನ ಅಣ್ಣ ಇದ್ದಹಾಗೆ, ಗೇಟ್ ಕಲೆಕ್ಷನ್ ಮೇಲೆ ನಿಂತದ್ದು. ಆದರೆ ಕಲೆಕ್ಷನ್ ಬಿದ್ದರೆ ಅದು ಯಜಮಾನರ ತಲೆನೋವು. ಕಲಾವಿದನ ಸಂಬಳ ತಿರುಗಾಟ ಶುರುವಾಗುವ ಮೊದಲೇ ಮಾತಾಗಿರುತ್ತದೆ. ಮಳೆ ಬಂದು ಡೇರೆ ಖಾಲಿ ಇದ್ದರೂ ಭಾಗವತರಿಗೆ "ಇವತ್ತು ಜನ ಬರ್ಲಿಲ್ಲ, ನಿಮ್ಗೆ ಅರ್ಧ" ಅನ್ನುವ ಪದ್ಧತಿ ಇಲ್ಲ.

"ಯಜಮಾನರು ಮುಳುಗಿ ಹೋದದ್ದೂ ಉಂಟು" ಅಂದರು ಅಪ್ಪ. "ಸಂಬಳ ಬಾಕಿ ಬಿದ್ದದ್ದೂ ಉಂಟು. ಆದ್ರೆ ಬಾಕಿ ಅಂತ ಹೇಳ್ಬೇಕಾರೂ ಮೊದ್ಲು ಇಷ್ಟು ಅಂತ ಮಾತಾಗಿರ್ಬೇಕಲ್ಲ? ವೀಳ್ಯ ಕೊಡದೆ ಯಾರಾದ್ರೂ ಕುಣಿತಾರಾ?"

ವೀಳ್ಯ ಅಂದರೆ ಬರೀ ಎಲೆ ಅಡಿಕೆ ಅಲ್ಲ ಅನ್ನುವುದು ನಮ್ಮ ಕಡೆಯವರಿಗೆ ಗೊತ್ತು. ಕಲಾವಿದನ ಕೈಗೆ ವೀಳ್ಯ ಬಂತು ಅಂದರೆ ಆಟ ನಿಶ್ಚಯ, ಮುಂಗಡ ಸಂದಾಯ, ಮಾತು ಮುಗಿಯಿತು. ಅಪ್ಪನ ಆ ಒಂದು ವಾಕ್ಯ ನನಗೆ ಆ ಕೆಂಪು ಪುಸ್ತಕವನ್ನು ಮತ್ತೆ ಓದಿಸಿತು. ಮುಂದಿನ ಭಾನುವಾರ ಕೂತು ಹಳೆಯ ಹಾಳೆ ತಿರುಗಿಸಿದೆ. ನನಗೆ ಕೋಪ ಬರಿಸಿದ್ದ ಶೋಗಳನ್ನೆಲ್ಲ ಪೆನ್ಸಿಲಿನಲ್ಲಿ ಗುರುತು ಮಾಡಿದೆ. ಕಡಿಮೆ ದುಡ್ಡಿನ ಶೋಗಳೇ ಇರುತ್ತವೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಮುಲುಂದ್‌ನಲ್ಲಿ 2,000ಕ್ಕೆ ಬಾರಿಸಿದ ಒಂದು ಶೋ ಬಗ್ಗೆ ನನಗೆ ಈಗಲೂ ಸಂತೋಷವಿದೆ, 9,000 ಸಿಕ್ಕ ಒಂದರ ಬಗ್ಗೆ ಸಿಟ್ಟಿದೆ. ಮುಲುಂದ್‌ನವರು ಎರಡು ವಾರ ಮೊದಲೇ ಎರಡು ಸಾವಿರ ಅಂದಿದ್ದರು, ಎರಡು ಸಾವಿರ ಕೊಟ್ಟರು. ಇನ್ನೊಬ್ಬರು "ನೋಡೋಣ, ಚೆನ್ನಾಗಿಯೇ ಮಾಡೋಣ" ಅಂದಿದ್ದರು.

ಒಂದು ತಮಾಷೆ. ಜಾನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ನಾಟಕದ ಕಲಾವಿದರಿಗೆ ಒಂದು ಪ್ರದರ್ಶನಕ್ಕೆ ಒಂದೂವರೆ ಲಕ್ಷ ರೂಪಾಯಿವರೆಗಿನ ಸಂಭಾವನೆಗೆ ಜಿಎಸ್‌ಟಿ ಇಲ್ಲ. ನಮ್ಮಂಥ ಗಿಟಾರ್ ಬ್ಯಾಂಡಿಗೆ ಆ ರಿಯಾಯಿತಿ ಇಲ್ಲ. ಅಪ್ಪನಿಗೆ ಇದನ್ನು ಹೇಳಿದಾಗ ಬಹಳ ಖುಷಿಪಟ್ಟರು, ಯಕ್ಷಗಾನ ಗೆದ್ದಿತು ಅಂತ. ವರ್ಷಕ್ಕೆ 20 ಲಕ್ಷ ದಾಟದವನಿಗೆ ಹೇಗೂ ಜಿಎಸ್‌ಟಿ ನೋಂದಣಿಯೇ ಬೇಡ, ನಮಗೆ 20 ಲಕ್ಷ ದಾಟಲು ಇನ್ನೊಂದು ಜನ್ಮ ಬೇಕು ಅಂತ ಹೇಳಿ ಅವರ ಖುಷಿ ಹಾಳು ಮಾಡಲಿಲ್ಲ.

ಮುಂಬೈಯಲ್ಲಿ ಇದು ಯಾವಾಗಲೂ ಹೀಗೇ ಇತ್ತಾ? ನಮ್ಮ ಡ್ರಮ್ಮರ್ ಗೋವಾದವನು. ಅವನ ಅಜ್ಜ ಧೋಬಿ ತಲಾವ್‌ನ ಒಂದು ಕೂಡ್‌ನಲ್ಲಿ ಇದ್ದವರು. ಕೂಡ್ ಅಂದರೆ ಗೋವಾದ ಒಂದೊಂದು ಊರಿನವರು ತಮ್ಮವರಿಗೆ ಅಂತ ಮುಂಬೈಯಲ್ಲಿ ನಡೆಸುತ್ತಿದ್ದ ತಂಗುವ ಜಾಗ. ಅಜ್ಜ ಸ್ಯಾಕ್ಸಫೋನ್ ಬಾರಿಸುತ್ತಿದ್ದರು. 1950, 60ರ ದಶಕದಲ್ಲಿ ಚರ್ಚ್‌ಗೇಟ್ ಬೀದಿಯಲ್ಲಿ, ಅಂದರೆ ಈಗಿನ ವೀರ ನರಿಮನ್ ರಸ್ತೆಯಲ್ಲಿ, ಗೇಲಾರ್ಡ್‌ನಂಥ ರೆಸ್ಟೊರೆಂಟುಗಳಲ್ಲಿ ರಾತ್ರಿ ಬ್ಯಾಂಡ್ ಇರುತ್ತಿತ್ತು. ತಾಜ್ ಹೋಟೆಲಿನಲ್ಲಿ ಚಿಕ್ ಚಾಕಲೇಟ್ ಬ್ಯಾಂಡ್ ನಡೆಸಿದ್ದರು. ಇವರಲ್ಲಿ ಎಷ್ಟೋ ಜನ ಹಗಲು ಹಿಂದಿ ಸಿನಿಮಾದ ರೆಕಾರ್ಡಿಂಗ್‌ಗೆ ಹೋಗುತ್ತಿದ್ದರು. ಶಂಕರ್-ಜೈಕಿಶನ್ ಹಾಡುಗಳಿಗೆ ವಾದ್ಯಗಳನ್ನು ಜೋಡಿಸಿದ ಸೆಬಾಸ್ಟಿಯನ್ ಡಿಸೋಜ ಗೋವಾದವರೇ. ಡ್ರಮ್ಮರ್‌ನ ಅಜ್ಜ ದೊಡ್ಡ ಹೆಸರಿನವರಲ್ಲ. ಆದರೆ ಅವರಿಗೆ ತಿಂಗಳ ಪಗಾರ ಇತ್ತು. ವೇಟರ್‌ಗೆ ಇದ್ದಹಾಗೆ, ಅಡುಗೆಯವನಿಗೆ ಇದ್ದಹಾಗೆ. ಮೊಮ್ಮಗನಿಗೆ ಡಿಸೆಂಬರ್‌ನ ಶೋಗೆ ಸಿಕ್ಕಿದ್ದು 349.

ಜಾಗಗಳೂ ಹೋದವು. ಧೋಬಿ ತಲಾವ್‌ನ ರಂಗ ಭವನ ಬಯಲು ರಂಗ, ಸುತ್ತ ಆಸ್ಪತ್ರೆ, ಕಾಲೇಜು. ನಿಶ್ಶಬ್ದ ವಲಯ ಅಂತ ಅಲ್ಲಿಯ ರಾಕ್ ಶೋಗಳು ನಿಂತವು. ಲೋವರ್ ಪರೇಲ್‌ನ ಮಿಲ್ ಕಾಂಪೌಂಡಿನಲ್ಲಿ 2007ರಲ್ಲಿ ಶುರುವಾದ ಬ್ಲೂ ಫ್ರಾಗ್ 2016ರಲ್ಲಿ ಮುಚ್ಚಿತು. ಅಲ್ಲಿ ಬಾರಿಸಬೇಕು ಅಂತ ನನಗೆ ಬಹಳ ಆಸೆ ಇತ್ತು. ಆಗಲಿಲ್ಲ. ಹತ್ತು ಗಂಟೆಯ ನಿಯಮ ಇನ್ನೊಂದು. 2000ದ ಶಬ್ದ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ನಿಯಮ ಸರಿಯಾಗಿಯೇ ಇದೆ. ನನ್ನ ಮನೆಯ ಕೆಳಗೆ ಗಣಪತಿ ಮಂಡಲ ಇದೆ, ನನಗೆ ಗೊತ್ತು. ಆದರೆ ಟೆರೇಸ್ ಇರುವ ಜಾಗಗಳಲ್ಲಿ ಬ್ಯಾಂಡ್ ಎಂಟರಿಂದ ಹತ್ತು. ಜನ ಸರಿಯಾಗಿ ಕೂತು ಬಾಟಲಿ ಆರ್ಡರ್ ಮಾಡುವುದು ಹತ್ತರ ಮೇಲೆ, ಒಳಗೆ, ಡಿಜೆ ಶುರುವಾದ ಮೇಲೆ. ಆ ಸೇಲ್ ಡಿಜೆ ಖಾತೆಗೆ ಹೋಗುತ್ತದೆ. ಮರುದಿನ ಮ್ಯಾನೇಜರ್ ಹೇಳುತ್ತಾನೆ, "ಬ್ಯಾಂಡ್ ಟೈಮಲ್ಲಿ ಸೇಲ್ ಇಲ್ಲ ಭಾಯ್."

ಓಪನ್ ಮೈಕ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐದು ನಿಮಿಷ ಹಾಡಲು ಹಾಡುವವನೇ 300 ರೂಪಾಯಿ ಕಟ್ಟಬೇಕು, ಮೇಲಿಂದ ಒಂದು ಕಾಫಿ ಕಡ್ಡಾಯ. ಎರಡು ಸಲ ಕಟ್ಟಿದ್ದೇನೆ. ನಾಚಿಕೆಯಾಗುತ್ತದೆ.

ಇನ್ನು ಹೋಟೆಲಿನವರ ಕಡೆಯ ಮಾತು. ನಾನು ಗಲ್ಲಾದವನ ಮಗ, ಅವರನ್ನು ಸುಮ್ನೆ ಬೈಯಲು ನನ್ನಿಂದ ಆಗುವುದಿಲ್ಲ. ಮುಂಬೈ ಪಕ್ಕದ ಠಾಣೆ ನಗರದಲ್ಲೇ ನಮ್ಮ ಕಡೆಯ ಶೆಟ್ಟರೊಬ್ಬರ ಬಾರ್ ಅಂಡ್ ರೆಸ್ಟೊರೆಂಟ್ ಇದೆ. ಕೆಳಗೆ ಕುಡಿಯುವವರ ಪರ್ಮಿಟ್ ರೂಮ್, ಮೇಲೆ ಎಸಿ. ಮೇಲಿನದನ್ನು ಅವರ ಮಗ ಬದಲಾಯಿಸಿ, ಐವತ್ತೈದು ಸೀಟು ಮಾಡಿ, ಮೂಲೆಯಲ್ಲಿ ಒಂದು ಅಡಿ ಎತ್ತರದ ಕಟ್ಟೆ ಕಟ್ಟಿಸಿದ್ದಾನೆ. ಬುಧವಾರ ಬ್ಯಾಂಡ್ ಬೇಕಿತ್ತು. ಮಾತಾಡಲು ಹೋದಾಗ ಅಪ್ಪನೂ ಬಂದರು. ನನಗೆ ಸ್ವಲ್ಪ ಮುಜುಗರವೇ ಆಯಿತು, ಹುಡುಗಿ ನೋಡಲು ಹೋದಹಾಗೆ.

ಶೆಟ್ಟರು ಪುಸ್ತಕವನ್ನೇ ತೆರೆದು ಇಟ್ಟರು. ಬ್ಯಾಂಡ್ ಇಲ್ಲದ ಬುಧವಾರ ಮೇಲಿನ ಮಹಡಿಯ ಸೇಲ್ 18,000. ಪ್ರಯತ್ನಕ್ಕೆ ಅಂತ ಒಂದು ಬುಧವಾರ ಬೇರೆ ಬ್ಯಾಂಡ್ ಕರೆಸಿದ್ದರು, ಅವತ್ತು 34,000. ಹೆಚ್ಚಾದದ್ದು 16,000. "ಇದ್ರಲ್ಲಿ ಮಾಲು, ಟ್ಯಾಕ್ಸು ಎಲ್ಲ ಹೋಗಿ ನಂಗೆ ಹತ್ತು ಉಳೀತದೆ. ನೀವು ಹದಿನೈದು ಕೇಳಿದ್ರೆ ನಾನು ಹುಡುಗ್ರಿಗೆ ಪಗಾರ ಎಲ್ಲಿಂದ ಕೊಡ್ಲಿ?" ಅಂದರು. ನಾನು ಹದಿನೈದೇ ಕೇಳಬೇಕು ಅಂತ ಹೋಗಿದ್ದೆ. ಬಾಯಿ ಮುಚ್ಚಿಕೊಂಡೆ.

ಒಂಬತ್ತು ವರ್ಷದಲ್ಲಿ ಯಾರೂ ನನಗೆ ತಮ್ಮ ಪುಸ್ತಕ ತೋರಿಸಿರಲಿಲ್ಲ. ಅಪ್ಪ ಕನ್ನಡಕ ಹಾಕಿಕೊಂಡು ಮೂರು ವಾರದ ಬುಧವಾರಗಳನ್ನು ನೋಡಿದರು. ಇಬ್ಬರು ಮುದುಕರು ಎಣ್ಣೆಯ ರೇಟು, ಸಿಲಿಂಡರ್ ರೇಟು ಅಂತ ಅರ್ಧ ಗಂಟೆ ಮಾತಾಡಿದರು. ನಾನೂ ಶೆಟ್ಟರ ಮಗನೂ ಗೋಡೆ ನೋಡುತ್ತ ಕೂತೆವು. ಕೊನೆಗೆ ಆದ ಮಾತು ಹೀಗೆ. ಟಿಕೆಟ್ ಇಲ್ಲ. ಆರು ಸಾವಿರ ಖಾಯಂ, ಒಬ್ಬ ಗಿರಾಕಿ ಬರದಿದ್ದರೂ. ಮೇಲಿನ ಸೇಲ್ 40,000 ದಾಟಿದರೆ ದಾಟಿದ್ದರಲ್ಲಿ ಹತ್ತಕ್ಕೆ ಒಂದು ನಮಗೆ. ಸೌಂಡ್ ಅವರದ್ದು. ಎರಡು ಸಾವಿರ ಮುಂಗಡ. ನಾಲ್ಕು ಜನರಿಗೆ ಊಟ, ಮೆನುವಿನಿಂದ, ಸ್ಟಾಫ್ ಊಟ ಅಲ್ಲ. ಕೊನೆಯದ್ದು ಅಪ್ಪ ಸೇರಿಸಿದ್ದು.

ತಲೆಗೆ 1,500. ಇದು ಸರಿಯಾದ ಕೂಲಿ ಅಂತ ನಾನು ಹೇಳುವುದಿಲ್ಲ. ಎರಡು ಗಂಟೆ ಬಾರಿಸುವುದರ ಹಿಂದೆ ಆರು ಗಂಟೆ ಜ್ಯಾಮ್ ರೂಮ್ ಇದೆ, ಅದರ ಹಿಂದೆ ಇಪ್ಪತ್ತು ವರ್ಷ ಇದೆ. ಕಂಪನಿಗಳ ಆ್ಯನುಯಲ್ ಡೇ, ಮದುವೆಯ ಸಂಗೀತ್, ಇವುಗಳಲ್ಲಿ ಬಂದ ದುಡ್ಡೇ ಈಗಲೂ ಬ್ಯಾಂಡನ್ನು ಸಾಕುತ್ತಿದೆ. ಆದರೆ ಶೆಟ್ಟರಲ್ಲಿ ಬಾರಿಸಿ ಬಂದ ರಾತ್ರಿ ಅಪ್ಪ ಕೇಳಿದರೆ ಹೇಳಲು ಒಂದು ಅಂಕೆ ಇರುತ್ತದೆ.

ಈ ಮಧ್ಯೆ ನಾನು ಇನ್ನೊಂದು ಕೆಲಸ ಮಾಡಿದೆ. ಸಣ್ಣ ಉದ್ಯಮಗಳ ನೋಂದಣಿಗೆ ಸರ್ಕಾರ ನಡೆಸುವ ಉದ್ಯಮ್ ಪೋರ್ಟಲ್‌ನಲ್ಲಿ ನನ್ನ ಹೆಸರಲ್ಲಿ ನೋಂದಣಿ ಮಾಡಿಸಿದೆ. ಆಧಾರ್, ಪ್ಯಾನ್ ಸಾಕು, ದುಡ್ಡಿಲ್ಲ. ಸೇವೆ ಕೊಡುವವನೂ ಸಣ್ಣ ಉದ್ಯಮಿಯೇ. 2006ರ ಎಂಎಸ್‌ಎಂಇ (ಸಣ್ಣ ಉದ್ಯಮಗಳ) ಕಾನೂನಿನ ಪ್ರಕಾರ ಇಂಥವರಿಗೆ ಒಪ್ಪಂದ ಏನೇ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು, ಬರಹದ ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆಯ ತಿದ್ದುಪಡಿಯಿಂದ ಇನ್ನೊಂದು ಹಿಡಿತ ಸಿಕ್ಕಿದೆ. ಸಮಯಕ್ಕೆ ಕೊಡದ ಮೊತ್ತವನ್ನು ಅವರು ಆ ವರ್ಷದ ಖರ್ಚು ಅಂತ ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಮಾಲೀಕನಿಗೆ ಇದು ಅರ್ಥವಾಗದಿದ್ದರೂ ಅವನ ಸಿಎಗೆ ತಕ್ಷಣ ಅರ್ಥವಾಗುತ್ತದೆ. ನಾನು ಈಗ ಶೋ ಮುಗಿದ ಮರುದಿನವೇ ಉದ್ಯಮ್ ನಂಬರ್ ಹಾಕಿದ ಇನ್‌ವಾಯ್ಸ್ ಕಳಿಸುತ್ತೇನೆ. ಅಂಧೇರಿಯ ಒಂದು ಜಾಗದವರು ಎರಡು ತಿಂಗಳು ಸತಾಯಿಸಿದ್ದರು. ಬಡ್ಡಿಯ ಲೆಕ್ಕ ಹಾಕಿ, ಬಹಳ ವಿನಯದಿಂದ, ಅವರ ಅಕೌಂಟ್ಸ್‌ಗೆ ಒಂದು ಮೇಲ್ ಬರೆದೆ. ನಾಲ್ಕನೇ ದಿನ ದುಡ್ಡು ಬಂತು. ಬಡ್ಡಿ ಬರಲಿಲ್ಲ. ಅಲ್ಲಿಂದ ಮತ್ತೆ ಶೋವೂ ಬಂದಿಲ್ಲ. ಅದೂ ನಿಜ.

ಇಷ್ಟೆಲ್ಲ ಬರೆದ ಮೇಲೆ ಪುಸ್ತಕದ ಇನ್ನೊಂದು ಹಾಳೆಯ ವಿಷಯ ಹೇಳದಿದ್ದರೆ ಆಗುವುದಿಲ್ಲ. ಹಳೆಯದನ್ನು ತಿರುಗಿಸುವಾಗ ಸಿಕ್ಕಿದ್ದು. ಪವಾಯಿಯಲ್ಲಿ ಒಂದು ಶೋ, 12,000 ಗ್ಯಾರಂಟಿ. ಕೀಬೋರ್ಡ್ ಬೇಕಿತ್ತು. ಡೊಂಬಿವಲಿಯ ಒಬ್ಬ ಹುಡುಗಿಯನ್ನು ಕೊನೆಯ ವಾರದಲ್ಲಿ ಕರೆದೆವು. ಹದಿನಾರು ಹಾಡು ಐದು ದಿನದಲ್ಲಿ ಕಲಿತು ಬಂದಳು, ಒಂದು ಸ್ವರ ತಪ್ಪಲಿಲ್ಲ. ಖರ್ಚು 1,800. ಪುಸ್ತಕದಲ್ಲಿ ನನ್ನದೇ ಅಕ್ಷರ. "ಕೀಬೋರ್ಡ್ 1,000. ಉಳಿದ ನಾಲ್ವರಿಗೆ ತಲಾ 2,300." ಮೊದಲು ಅವಳಿಗೆ ನಾನು ಮೊತ್ತ ಹೇಳಿರಲಿಲ್ಲ. "ನೋಡೋಣ" ಅಂದಿದ್ದೆ. ಶೋ ಮುಗಿದ ಮೇಲೆ "ಈ ಸಲ ಅಡ್ಜಸ್ಟ್ ಮಾಡ್ಕೋ" ಅಂದಿದ್ದೆ. ಅವಳು "ಇಟ್ಸ್ ಓಕೆ ದಾದಾ" ಅಂದು ಕೀಬೋರ್ಡ್ ಹೊತ್ತುಕೊಂಡು ಹೋಗಿದ್ದಳು. ಸಮ ಹಂಚಿದ್ದರೆ ತಲೆಗೆ 2,040 ಆಗುತ್ತಿತ್ತು.

ಬ್ಯಾಂಡಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ಹಾಳೆಯ ಫೋಟೊ ಹಾಕಿದೆ. ಅರ್ಧ ದಿನ ಯಾರೂ ಮಾತಾಡಲಿಲ್ಲ. ಸಂಜೆ ಡ್ರಮ್ಮರ್ ತನ್ನ ಪಾಲಿನ 260 ನನಗೆ ಕಳಿಸಿದ. ಆಮೇಲೆ ಉಳಿದಿಬ್ಬರೂ. ಮೊನ್ನೆ ಮಂಗಳವಾರ ಅವಳಿಗೆ 1,040 ಹಾಕಿ, ಮುಂದಿನ ಬುಧವಾರ ಶೆಟ್ಟರಲ್ಲಿಗೆ ಬರ್ತೀಯಾ, 1,500 ಕೊಡ್ತೇವೆ, 500 ಈಗಲೇ ಹಾಕಿದ್ದೇನೆ, ಊಟ ಮೆನುವಿನಿಂದ ಅಂತ ಮೆಸೇಜ್ ಮಾಡಿದೆ. ಕ್ಷಮೆಯನ್ನೂ ಕೇಳಿದೆ.

ಹತ್ತು ನಿಮಿಷ ಬಿಟ್ಟು ಉತ್ತರ ಬಂತು. ಬುಧವಾರ ಬರುತ್ತಾಳಂತೆ. ಕೆಳಗೆ ಇನ್ನೊಂದು ಸಾಲು ಇತ್ತು. ಉದ್ಯಮ್ ಕಥೆಯನ್ನು ನಾನೇ ಅವಳಿಗೆ ಯಾವತ್ತೋ ದೊಡ್ಡದಾಗಿ ಹೇಳಿದ್ದೆ.

"ದಾದಾ, ಹನ್ನೊಂದು ತಿಂಗಳು ಆಯ್ತು. 45 ದಿನ ಯಾವಾಗಲೋ ದಾಟಿದೆ. ಬಡ್ಡಿ?"